ಅಜ್ಜಿಯ ಕೊಕ್ಕೆ ಕೋಲು

ಸತ್ತವರ ಕಷ್ಟವೆಂದರೆ ಅವರು ಒಳ್ಳೆಯವರಾಗಲೇಬೇಕು. ಬದುಕಿದ್ದಾಗ ಅರ್ಧ ಬೀದಿಯ ಜತೆ ಮಾತು ಬಿಟ್ಟಿದ್ದವರೂ ಫೋಟೋಗೆ ಹಾರ ಬಿದ್ದೊಡನೆ ಸ್ನೇಹಜೀವಿಗಳಾಗುತ್ತಾರೆ. ನನಗೆ ಇದು ಆಗದು. ನೆನಪಿಗೆ ಇಸ್ತ್ರಿ ಹಾಕುವವರನ್ನು ಕಂಡರೆ ಮೈ ಉರಿಯುತ್ತದೆ. ಹಾಗೆ ಉರಿದೇ ಈ ಏಪ್ರಿಲ್‌ನಲ್ಲಿ ಅಕ್ಕನ ಜತೆ ಜಗಳವಾಡಿದೆ.

ಅಕ್ಕ ಇರುವುದು ಶಿಕಾಗೋ ಕಡೆಯ ಪ್ಲೇನ್‌ಫೀಲ್ಡಿನಲ್ಲಿ, ನಾನು ಡೆಟ್ರಾಯಿಟ್ ಬಳಿಯ ಪ್ಲಿಮತ್ತಿನಲ್ಲಿ. ಪ್ರತಿವರ್ಷ ಹೂ ಬಿಡುವ ಕಾಲಕ್ಕೆ ಅವಳ ಮನೆಯಲ್ಲಿ ಸೇರಿ, ಅಜ್ಜ ಅಜ್ಜಿಯನ್ನು ನೆನೆದು, ಉಂಡು, ಮಿಕ್ಕದ್ದನ್ನು ಡಬ್ಬಿಗಳಲ್ಲಿ ಹೊತ್ತು ಬರುವುದು ರೂಢಿ. ಈ ಸಲ ಅವಳ ಮಗಳು ಅನು ಅಜ್ಜಿಯ ಬಗ್ಗೆ ಒಂದು ಪುಟ ಓದಬೇಕೆಂದು ತೀರ್ಮಾನವಾಯಿತು. ಬರೆದವಳು ಅಕ್ಕ. ಫೋನಿನಲ್ಲಿ ಓದಿದಳು: “ನಮ್ಮ ಮುತ್ತಜ್ಜಿಗೆ ಹೂವೆಂದರೆ ಪ್ರಾಣ. ಪ್ರೀತಿಯಿಂದ ತೋಟ ಬೆಳೆಸಿದ್ದರು.”

“ಯಾವ ತೋಟ? ದಾವಣಗೆರೆ ಮನೇಲಿ ಇದ್ದಿದ್ದು ಒಂದು ತುಳಸಿ ಗಿಡ.”

“ಮತ್ತೆ ಮಕ್ಕಳ ಕೈಲಿ ಅಜ್ಜಿ ಹೂ ಕದೀತಿದ್ಲು ಅಂತ ಓದಿಸ್ಲಾ?”

“ಓದಿಸು! ಇಲ್ಲಾಂದ್ರೆ ಅನು ಇನ್ಯಾರದೋ ಅಜ್ಜೀನ ನೆನಪಿಟ್ಕೊಳ್ತಾಳೆ.”

ಅಕ್ಕ ಫೋನ್ ಇಟ್ಟಳು.

ಕದಿಯುತ್ತಿದ್ದದ್ದು ನಿಜ. ಬೆಳಕು ಹರಿಯುವ ಮುನ್ನ ಅಜ್ಜಿ ಕೊಕ್ಕೆ ಕೋಲು, ಬುಟ್ಟಿ ಹಿಡಿದು ಹೊರಡುತ್ತಿದ್ದಳು. ನಮ್ಮ ಬೀದಿಯ ಮೇಷ್ಟ್ರ ಮನೆಯ ಕಾಂಪೌಂಡಿನಾಚೆ ಬಾಗಿದ ದಾಸವಾಳ, ನಂದಿಬಟ್ಟಲು ಎಲ್ಲ ಅವಳ ಲೆಕ್ಕದಲ್ಲಿ ದೇವರದ್ದೇ. “ಪುಣ್ಯ ಅರ್ಧ ಅವರಿಗೂ ಹೋಗುತ್ತೆ ಬಿಡೋ” ಎನ್ನುತ್ತಿದ್ದಳು. ಅಜ್ಜ ಗೇಟಿನ ಬಳಿ ಕಾವಲು. ಒಂದು ಸಲ ಕೆಮ್ಮಿದರೆ ಯಾರೋ ಎದ್ದಿದ್ದಾರೆ. ಎರಡು ಸಲ ಕೆಮ್ಮಿದರೆ ಓಡು. ಅಜ್ಜನಿಗೆ ಉಬ್ಬಸ ಶುರುವಾದ ವರ್ಷ ನಮ್ಮ ದೇವರಿಗೆ ಹೂವೇ ದಕ್ಕಲಿಲ್ಲ. ಅಜ್ಜ ಹೋದ ಮೇಲೂ ಅಜ್ಜಿ ಹೋಗುತ್ತಿದ್ದಳು. ಕಾಂಪೌಂಡಿನ ಬಳಿ ಒಂದು ಗಳಿಗೆ ನಿಂತು, ಕೆಮ್ಮು ಕೇಳೀತೇನೋ ಎಂದು ಕಿವಿಗೊಟ್ಟು, ಆಮೇಲೆ ಕೋಲು ಎತ್ತುತ್ತಿದ್ದಳು. ಈ ಕೊನೆಯದು ನಾನು ಸೇರಿಸಿಕೊಂಡದ್ದೂ ಇರಬಹುದು. ತೀರಾ ಚೆನ್ನಾಗಿದೆ, ಅದಕ್ಕೇ ಅನುಮಾನ.

ಹೊರಡುವ ದಿನ ಹಟಕ್ಕೆ ಬಿದ್ದು ಮುಂಜಾನೆಯೇ ಎದ್ದೆ. ನಮ್ಮ ಬಡಾವಣೆಯ ಹೆಸರಿನ ಬೋರ್ಡಿನ ಕೆಳಗೆ ಹಳದಿ ಡ್ಯಾಫೊಡಿಲ್‌ಗಳು ಅರಳಿದ್ದವು. ಅಂಗಡಿಯ ಹೂವಿಟ್ಟು ಅಜ್ಜಿಯ ಮಾನ ಕಳೆಯಲಾರೆ! ಚಳಿಗೆ ಮರಗಟ್ಟಿದ ಬೆರಳಲ್ಲಿ ಐದು ಹೂ ಕಿತ್ತಿದ್ದೆ, ಅಷ್ಟರಲ್ಲಿ ನಾಯಿ ಹಿಡಿದು ಬಂದ ಪಕ್ಕದ ಮನೆಯ ವೃದ್ಧೆ ಮುಖವರಳಿಸಿ, ಇವನ್ನು ನೆಟ್ಟವಳು ನಾನೇ, ಇನ್ನಷ್ಟು ತಗೋ ಮಗನೇ ಎಂದುಬಿಟ್ಟರು. ತಾವೇ ಬಗ್ಗಿ ಕಿತ್ತೂ ಕೊಟ್ಟರು. ಜೀವಮಾನದ ಏಕೈಕ ಕಳ್ಳತನ ಹೀಗೆ ದಾನವಾಗಿ ಹಾಳಾಯಿತು.

ಪ್ಲೇನ್‌ಫೀಲ್ಡ್ ತಲುಪಿದವನೇ ಹೂವನ್ನು ಫೋಟೋ ಮುಂದಿಟ್ಟು, ಅನುವನ್ನು ಕೂರಿಸಿಕೊಂಡು ಕೋಲು, ಕಾಂಪೌಂಡು, ಕೆಮ್ಮು ಎಲ್ಲ ಹೇಳಿದೆ. ಅವಳು ಅಮ್ಮನ ಪುಟ ಮಗುಚಿ ಹಿಂಬದಿಯಲ್ಲಿ ಬರೆಯತೊಡಗಿದಳು. ನಾನು ಗೆದ್ದೆ.

ಅಡುಗೆಮನೆಯಿಂದ ಅಕ್ಕನ ದನಿ ಬಂತು: “ಹೇಳೋದಾದ್ರೆ ಪೂರ್ತಿ ಹೇಳಪ್ಪ. ಅಜ್ಜಿ ಸಿಕ್ಕಿಬಿದ್ದಿದ್ದು ಹೇಗೆ? ಮೇಷ್ಟ್ರ ಹೆಂಡತಿ ಹತ್ರ ಹೋಗಿ ಚಾಡಿ ಹೇಳಿದ್ಯಾರು? ಅದೂ ಒಂದು ಕೋಡುಬಳೆಗೆ!”

“ಎರಡು” ಎಂದುಬಿಟ್ಟೆ.

ಅನು ತಲೆಯೆತ್ತಿ ನನ್ನನ್ನು ನೋಡಿದಳು. ಪೆನ್ನು ಮತ್ತೆ ಓಡಿತು.

“ಪುಟ್ಟಾ, ಆ ಒಂದು ಸಾಲು ಬೇಡ ಕಣೆ,” ಎಂದೆ ದನಿ ತಗ್ಗಿಸಿ. “ಚಿಕ್ಕಮಕ್ಕಳೆಲ್ಲ ಬರ್ತಾರೆ. ಬೇಕಿದ್ರೆ ತೋಟದ ವಿಷಯ ಹಾಕು.”

“ನೋ ವೇ, ಮಾಮಾ! ಇಟ್ಸ್ ಟ್ರೂ, ರೈಟ್?”

ನಾನು ಮೆಲ್ಲನೆ ಕಾಗದದ ಕಡೆಗೆ ಕೈ ಚಾಚಿದೆ. ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಅಕ್ಕ ಎರಡು ಸಲ ಕೆಮ್ಮಿದಳು.