ಗೋಡೆಗೆ ಹಚ್ಚಿದ ನನ್ನ ವಯಸ್ಸು

ನಮ್ಮ ಮನೆತನದಲ್ಲಿ ಮೊದಲು ಬಿ.ಎ. ಪಾಸಾದವನು ನಾನು. ದೇವದುರ್ಗದ ನಮ್ಮ ಓಣಿಯಲ್ಲಿ ಯಾರಿಗೆ ಪತ್ರ ಬಂದರೂ ಓದಿ ಹೇಳುತ್ತಿದ್ದವನೂ ನಾನೇ. ಹೀಗಾಗಿ ಓಣಿಯ ಗುಟ್ಟೆಲ್ಲ ನನಗೆ ಗೊತ್ತಿತ್ತು, ನನ್ನದು ಯಾರಿಗೂ ಗೊತ್ತಿರಲಿಲ್ಲ. ಓದು ಬಂದವನಿಗಿರುವ ದೊಡ್ಡ ಸುಖ ಇದೇ ಎಂದು ನಂಬಿದ್ದೆ, ರಾಯಚೂರಿನ ನಮ್ಮ ಕಚೇರಿಗೆ ನೌಕರರ ಕಂಪ್ಯೂಟರ್ ಪಟ್ಟಿ ಬರುವ ತನಕ.

ಕಂಪ್ಯೂಟರ್ ಇದ್ದದ್ದು ಬೆಂಗಳೂರಿನಲ್ಲಿ. ನಾವು ಫಾರಂ ತುಂಬಿ ಕಳಿಸಿದ್ದೆವು. ಅದು ಎರಡೂ ಅಂಚಿಗೆ ತೂತಿದ್ದ ಉದ್ದನೆಯ ಕಾಗದವಾಗಿ ಮರಳಿ ಬಂತು. ತಪ್ಪಿದ್ದರೆ ನೋಡಿಕೊಳ್ಳಲಿ ಎಂದು ಸೂಪರಿಂಟೆಂಡೆಂಟರು ಅದನ್ನು ವರಾಂಡದ ಗೋಡೆಗೆ ಹಚ್ಚಿಸಿದರು. ಹೆಸರು, ಊರು, ಹುಟ್ಟಿದ ದಿನ, ವಯಸ್ಸು, ಎಲ್ಲ ಬಯಲು. ಅರ್ಧ ಕಚೇರಿ ಜೂನ್ ಒಂದರಂದೇ ಹುಟ್ಟಿತ್ತು! ಶಾಲೆಗೆ ಸೇರುವಾಗ ತಲೆಯ ಮೇಲಿಂದ ಕೈ ಹಾಕಿ ಆಚೆ ಕಿವಿ ಮುಟ್ಟಿದ ಹುಡುಗರಿಗೆಲ್ಲ ನಮ್ಮ ಕಡೆಯ ಹೆಡ್‌ಮಾಸ್ತರರು ಬರೆಯುತ್ತಿದ್ದ ತಾರೀಖು ಅದೊಂದೇ. ಆ ದಿನ ಸೂಲಗಿತ್ತಿಯರಿಗೆ ಊಟಕ್ಕೂ ಪುರಸೊತ್ತು ಸಿಕ್ಕಿರಲಿಕ್ಕಿಲ್ಲ ಎಂದು ಜವಾನ ನಕ್ಕ.

ನನಗೆ ನಗು ಬರಲಿಲ್ಲ. ನನ್ನ ಹೆಸರಿನ ಮುಂದೆ ಮೂವತ್ತು ಎಂದಿತ್ತು. ಹಿಂದಿನ ವಾರವಷ್ಟೇ ಸಿರವಾರದಲ್ಲಿ ಹೆಣ್ಣು ನೋಡಲು ಹೋದಾಗ ನಮ್ಮವ್ವ ಕಣ್ಣು ಮಿಟುಕಿಸದೆ ಇಪ್ಪತ್ತೇಳು ಎಂದಿದ್ದಳು. ಇದ್ದದ್ದನ್ನು ಇದ್ದಂತೆ ಹೇಳುವವನೆಂದು ಹೆಸರಾದ ನಾನು ಆಗ ಒಗ್ಗರಣೆ ಮಂಡಕ್ಕಿಯ ಮೇಲೆ ಪೂರ್ತಿ ಗಮನವಿಟ್ಟಿದ್ದೆ. ಹುಡುಗಿ ಮನಸ್ಸಿಗೆ ಬಂದಿದ್ದಳು. ಮೂರು ವರ್ಷಕ್ಕೆಲ್ಲ ಬಾಯಿ ಬಿಡುವುದೇಕೆ?

ಒಬ್ಬರ ಖಾಸಗಿ ಸಂಗತಿಯನ್ನು ಹೀಗೆ ಬಯಲಿಗಿಡುವುದು ಸಭ್ಯತೆಯಲ್ಲ ಎಂದು ಸೂಪರಿಂಟೆಂಡೆಂಟರಿಗೆ ಭಾಷಣವನ್ನೇ ಮಾಡಿದೆ. ಅವರು ಎಲೆಅಡಿಕೆ ಅಗಿಯುತ್ತ, "ತಪ್ಪಿದ್ರ ಅರ್ಜಿ ಕೊಡ್ರಿ, ತಿದ್ದಸೋಣು" ಎಂದರು. ತಪ್ಪಿಲ್ಲದ್ದೇ ನನ್ನ ತೊಂದರೆಯಾಗಿತ್ತು.

ಎರಡು ದಿನಕ್ಕೆ ಹುಡುಗಿಯ ತಂದೆ ಅಮರಪ್ಪ ಕಚೇರಿಗೇ ಬಂದರು, ವರನ ನೌಕರಿ ಖರೇನೋ ಸುಳ್ಳೋ ವಿಚಾರಿಸಲು. ಶಿಕ್ಷಕರ ತರಬೇತಿಗೆ ಅರ್ಜಿ ಕೊಡಲು ರಾಯಚೂರಿಗೆ ಬಂದಿದ್ದ ಮಗಳು ಹುಲಿಗೆಮ್ಮಳೂ ಜೊತೆಗಿದ್ದಳು. ನಾನು ಬಾಗಿಲ ಹಿಂದೆ ಸರಿದೆ. ಅಮರಪ್ಪನವರಿಗೆ ಓದು ಬಾರದು. ಜವಾನ ಪಟ್ಟಿಯಲ್ಲಿ ನನ್ನ ಹೆಸರು ತೋರಿಸಿ ಹೋದ.

"ವಯಸ್ಸು ಎಷ್ಟಂತ ಬರದಾರ ನೋಡವ್ವಾ."

ಅವಳ ಬೆರಳು ಸಾಲಿನ ಮೇಲೆ ಸರಿದು ನಿಂತಿತು. ನನ್ನ ಎದೆಯೂ.

"ಇಪ್ಪತ್ತೇಳು ಅದ ಯಪ್ಪಾ."

ಮದುವೆಯಾದ ಮೇಲೆ ಒಂದು ದಿನ, ಸುಳ್ಳು ಏಕೆ ಹೇಳಿದೆ ಎಂದು ಕೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ನಮ್ಮವ್ವನೂ ನಿಮ್ಮವ್ವಗ ಒಂದು ಲೆಕ್ಕ ಹೇಳಿದ್ಳಲ್ರೀ. ನನ್ನ ಕಾಗದ ಇನ್ನೂ ಯಾವ ಮಷೀನಿಗೂ ಹೋಗಿದ್ದಿಲ್ಲ, ಅಷ್ಟ."

ಅವಳ ವಯಸ್ಸಿನ ನಿಜವಾದ ಲೆಕ್ಕ ಎಷ್ಟೆಂದು ಎಷ್ಟು ಕೇಳಿದರೂ ಹೇಳಲೊಲ್ಲಳು. ಈಗ ಅವಳು ಮಾನ್ವಿಯಲ್ಲಿ ಮಾಸ್ತರಿಣಿ. ಅವರ ಇಲಾಖೆಯವರೂ ಫಾರಂ ತುಂಬಿ ಬೆಂಗಳೂರಿಗೆ ಕಳಿಸಿದ್ದಾರಂತೆ, ಪಟ್ಟಿಯನ್ನು ಮುಂದಿನ ತಿಂಗಳು ಅಲ್ಲಿಯ ಕಚೇರಿ ಗೋಡೆಗೆ ಹಚ್ಚುತ್ತಾರಂತೆ. ಒಬ್ಬರ ಖಾಸಗಿ ಸಂಗತಿಯನ್ನು ಇಣುಕಿ ನೋಡುವುದು ಸಭ್ಯತೆಯಲ್ಲ ಎಂದು ನಾನು ಈಗಲೂ ಹೇಳುತ್ತೇನೆ. ಒಂದು ದಿನದ ರಜೆಗೆ ಅರ್ಜಿ ಮಾತ್ರ ಬರೆದಿಟ್ಟಿದ್ದೇನೆ.