ಲ್ಯಾಪ್‌ಟಾಪಿಗೊಬ್ಬ ಕಂಡಕ್ಟರು

ನಿಮ್ಮ ಮನೆಯ ಲ್ಯಾಪ್‌ಟಾಪಿಗೆ ಕಂಡಕ್ಟರ್ ಇದ್ದಾರೆಯೆ? ನಮ್ಮ ಮನೆಯದಕ್ಕೆ ಇದ್ದಾರೆ. ಅವರು ನನ್ನ ಮಾವನವರು. ಸಾರಿಗೆ ಸಂಸ್ಥೆಯವರು ಹಾರ ಹಾಕಿ, ಶಾಲು ಹೊದಿಸಿ, ಇನ್ನು ಆರಾಮಾಗಿರಿ ಎಂದು ಮನೆಗೆ ಕಳಿಸಿದರು. ಆರಾಮಾಗಿರಲು ಅವರಿಗೆ ಬಂದರೆ ತಾನೆ! ಬನಹಟ್ಟಿ–ಮುಧೋಳ ದಾರಿಯಲ್ಲಿ ಆಯುಷ್ಯವೆಲ್ಲ ನಿಂತೇ ಕಳೆದ ಮನುಷ್ಯ ಜಮಖಂಡಿಯ ನಮ್ಮ ಪಡಸಾಲೆಯಲ್ಲಿ ಕುಳಿತು, ಹತ್ತಿಸಲು ಇಳಿಸಲು ಯಾರೂ ಸಿಗದೆ, ಕಡೆಗೆ ನನ್ನ ಲ್ಯಾಪ್‌ಟಾಪಿನ ಮೇಲೆ ಕಣ್ಣು ಹಾಕಿದರು.

ನಾನು ಹೈಸ್ಕೂಲಿನಲ್ಲಿ ಕನ್ನಡ ಶಿಕ್ಷಕಿ. ಮಕ್ಕಳು ‘ಮನಿ’ ಎಂದು ಬರೆದರೆ ಕೆಂಪು ಶಾಯಿಯಲ್ಲಿ ‘ಮನೆ’ ಎಂದು ತಿದ್ದುವುದು ನನ್ನ ಕಸುಬು. ಇಂಥವಳಿಗೆ ಇಂಥ ಮಾವ ಸಿಗಬೇಕೆ? ನಾಲ್ಕು ಜನರ ನಡುವೆ ನಾನು ತಲೆ ತಗ್ಗಿಸಿ ಸೆರಗಿನ ಅಂಚನ್ನು ನೋಡುತ್ತ ನಿಂತ ಪ್ರಸಂಗಗಳನ್ನೆಲ್ಲ ಹೇಳಹೊರಟರೆ ನೀವೇ ಸಾಕು ಅನ್ನುತ್ತೀರಿ. ಆಯ್ದು ಹೇಳುತ್ತೇನೆ.

ಶುರುವಾದದ್ದು ಹೀಗೆ. ಲ್ಯಾಪ್‌ಟಾಪು ಹಳೆಯದಾಗಿ, ಒಂದು ಗುಂಡಿ ಒತ್ತಿದರೆ ಚಹಾ ಕುದಿಸಿ ಕುಡಿದು ಬರುವಷ್ಟು ಹೊತ್ತು ತೆಗೆದುಕೊಳ್ಳುತ್ತಿತ್ತು. ಹೊಸದು ಕೊಳ್ಳೋಣವೆಂದು ನಾನು. ಮಾವನವರು ಬೇಡವೆಂದರು. ಅವರು ಮೊಬೈಲಿನಲ್ಲಿ ಯಾವುದೋ ವಿಡಿಯೊ ನೋಡಿ, ಕಂಪ್ಯೂಟರಿನೊಳಗಿನ ಮೂಲ ವ್ಯವಸ್ಥೆಯನ್ನೇ ಬದಲಾಯಿಸಬಹುದು, ಅದು ಪುಕ್ಕಟೆ ಸಿಗುತ್ತದೆ, ಅದರ ಹೆಸರು ಲಿನಕ್ಸ್ ಎಂದು ಕಂಡುಹಿಡಿದಿದ್ದರು. ಪುಕ್ಕಟೆ ಯಾಕೆ ಕೊಡುತ್ತಾರೆ ಎಂದು ನಾನು ಅನುಮಾನಿಸಿದಾಗ ಅವರು ಕೊಟ್ಟ ವಿವರಣೆಯನ್ನು ಯಾವ ಪುಸ್ತಕದಲ್ಲೂ ನಾನು ಓದಿಲ್ಲ.

“ಇದು ಟಿಕೀಟ ಇಲ್ಲದ ಗಾಡಿ ಯವ್ವಾ. ಯಾರರೆ ಹತ್ತಬಹುದು. ಬಾನೆಟ್ ತಗದ ಒಳಗ ನೋಡಿದ್ರೂ ಬೈಯಾವ್ರಿಲ್ಲ. ನಿನಗ ಬೇಕಾದಂಗ ಸೀಟ ಹಾಕ್ಕೋಬಹುದು.”

ಟಿಕೀಟು ಕೇಳುವುದೇ ಜೀವನವಾಗಿದ್ದ ಮನುಷ್ಯನಿಗೆ ಟಿಕೀಟಿಲ್ಲದ ಗಾಡಿ ಸಿಕ್ಕಿತೆಂದರೆ ಕೇಳಬೇಕೆ! ಈ ಲಿನಕ್ಸಿನಲ್ಲಿ ನೂರೆಂಟು ತಳಿಗಳಂತೆ. ಒಂದಾದ ಮೇಲೊಂದು ತಂದು ಹಾಕಿ ನೋಡತೊಡಗಿದರು. ಒಂದರ ಹೆಸರಿಗೆ ಪುದೀನ ಎಂದರ್ಥವಂತೆ. ನಮ್ಮ ಅತ್ತೆಯವರು ಅದನ್ನು ಕೇಳಿ ಚಟ್ನಿ ಅರೆಯಲೆ ಎಂದರು. ಇನ್ನೊಂದು ತೀರಾ ಹಗುರ. ಅದಕ್ಕೆ ಮಾವನವರು ‘ಮುಧೋಳ ನಾಯಿ’ ಎಂದೇ ಹೆಸರಿಟ್ಟರು, ಪಕ್ಕೆಲುಬು ಕಾಣುತ್ತದೆ ಆದರೆ ಓಟ ನೋಡು ಎಂದು. ನಾನು ಶಾಲೆಯಿಂದ ಬಂದು ಲ್ಯಾಪ್‌ಟಾಪು ತೆರೆದರೆ ನಿನ್ನೆಯ ಮುಖ ಇವತ್ತು ಇರುತ್ತಿರಲಿಲ್ಲ. ಮೇಲಿದ್ದ ಗುಂಡಿಗಳು ಕೆಳಗೆ, ಎಡಕ್ಕಿದ್ದವು ಬಲಕ್ಕೆ! ನನ್ನ ಕಡತಗಳನ್ನು ಹುಡುಕಲು ನಾನು ಅವರನ್ನೇ ಕೇಳಬೇಕು. ಅವರು ಕಣ್ಣಿನ ಮೇಲೆ ಕನ್ನಡಕ ಏರಿಸಿ, ಯಾವೂರಿಗೆ ಎನ್ನುವ ಧಾಟಿಯಲ್ಲಿ, ಯಾವ ಫೈಲು ಎನ್ನುವರು.

ಆ ಲ್ಯಾಪ್‌ಟಾಪಿನಲ್ಲಿ ನನ್ನ ಪ್ರಶ್ನೆಪತ್ರಿಕೆಗಳಲ್ಲದೆ ಇನ್ನೊಂದು ವಸ್ತುವಿತ್ತು. ಅತ್ತೆಯವರ ಅಕ್ಕನ ವಿಡಿಯೊ. ರನ್ನ ಬೆಳಗಲಿಯ ಆ ದೊಡ್ಡಮ್ಮ ಹೋದ ವರ್ಷ ತೀರಿಕೊಂಡರು. ಅದಕ್ಕೂ ಮೊದಲು ಒಮ್ಮೆ ನಮ್ಮ ಮನೆಗೆ ಬಂದು, ರೊಟ್ಟಿ ಬಡಿಯುತ್ತ ಏನೋ ಹೇಳಿ, ಹೇಳಿದ್ದಕ್ಕೆ ತಾವೇ ಬಿದ್ದು ಬಿದ್ದು ನಕ್ಕಿದ್ದನ್ನು ನಾನು ಮೊಬೈಲಿನಲ್ಲಿ ಹಿಡಿದು ಲ್ಯಾಪ್‌ಟಾಪಿಗೆ ಹಾಕಿಟ್ಟಿದ್ದೆ. ಆ ತಾಯಿಯ ನಗು ಉಳಿದಿರುವುದು ಅದೊಂದರಲ್ಲೇ. ಅತ್ತೆಯವರಿಗೆ ಬಸ್ಸಿನ ಬೋರ್ಡು ಓದುವಷ್ಟು ಕನ್ನಡ ಬರುತ್ತದೆ, ಇಂಗ್ಲಿಷು ಬಾರದು. ನೋಡಬೇಕೆನಿಸಿದಾಗ ನನ್ನ ಕೋಣೆಯ ಬಾಗಿಲಿಗೆ ಬಂದು ನಿಲ್ಲುವರು. “ನಿನ್ನ ಕೆಲಸ ಆದಮ್ಯಾಲೆ ಒಂದೀಟ ನಮ್ಮಕ್ಕನ್ನ ತಗದ ಕೊಡ್ತಿಯೇನವಾ?” ಎನ್ನುವರು. ನಾನು ತಡೀರಿ ಅತ್ತಿ ಎನ್ನುವೆ. ತೆಗೆದು ಕೊಡುವೆ ಕೂಡ. ಆದರೆ ಅವರು ಒಂದಿಷ್ಟು ಹೊತ್ತು ಬಾಗಿಲಲ್ಲಿ ನಿಂತೇ ಇರಬೇಕಾಗುತ್ತಿತ್ತು.

ಇರಲಿ, ನನ್ನ ನಾಚಿಕೆಯ ಕಥೆಗೆ ಬರುತ್ತೇನೆ. ರಬಕವಿಯ ಬೀಗರ ಮನೆಯಲ್ಲಿ ಕುಬುಸದ ಕಾರ್ಯ, ಬಸುರಿಗೆ ಉಡಿ ತುಂಬುವ ಸಮಾರಂಭ. ಅವರು ಮಗ್ಗಗಳ ಮಾಲೀಕರು, ಸೀರೆ ವ್ಯಾಪಾರದ ದೊಡ್ಡ ಮನೆತನ. ಮಾವನವರು ಹೊಸ ಧೋತರ, ಇಸ್ತ್ರಿ ಅಂಗಿ, ಹೆಗಲಿಗೆ ಹಳೆಯ ಕಂಡಕ್ಟರ್ ಚೀಲ! ಚೀಲ ಬೇಡವೆಂದು ನಾನು ಮನೆಯಲ್ಲೇ ಕೈಮುಗಿದಿದ್ದೆ. ಚಿಲ್ಲರೆ ಇರುತ್ತಿದ್ದ ಆ ಚರ್ಮದ ಚೀಲದಲ್ಲಿ ಈಗ ಪೆನ್‌ಡ್ರೈವುಗಳು. ಊಟ ಬಡಿಸುವ ಹೊತ್ತಿಗೆ ಇವರು ಬೀಗರ ಗಾದಿಯ ಪಕ್ಕದ ಕಂಪ್ಯೂಟರಿಗೆ ಪೆನ್‌ಡ್ರೈವು ಚುಚ್ಚಿಯೇಬಿಟ್ಟರು. ಸೀರೆಯ ಲೆಕ್ಕವೆಲ್ಲ ಇದ್ದ ಪರದೆ ಮಾಯವಾಗಿ ನೀಲಿ ಸಮುದ್ರವೂ ಅದರ ಮೇಲೊಂದು ಹಕ್ಕಿಯೂ ಕಾಣಿಸಿಕೊಂಡವು. ಬೀಗರು ಹೋಳಿಗೆ ಕೈಯಲ್ಲಿ ಹಿಡಿದು ಎದ್ದು ನಿಂತರು. ಹೆಂಗಸರ ಪಂಕ್ತಿಯಲ್ಲಿ ನನ್ನ ಪಕ್ಕ ಕುಳಿತವರು ಯಾರ ಮಾವನವರು ಇವರು ಎಂದು ಕೇಳಿದರು. ನಾನು ಉಪ್ಪಿನಕಾಯಿ ನೆಕ್ಕುತ್ತ ಗೊತ್ತಿಲ್ಲವೆಂದೆ!

ಮಾವನವರು ಮಾತ್ರ ತಣ್ಣಗೆ ಪೆನ್‌ಡ್ರೈವು ಕಿತ್ತು, ಯಂತ್ರ ಮತ್ತೆ ಚಾಲೂ ಮಾಡಿ ಲೆಕ್ಕವನ್ನೆಲ್ಲ ಇದ್ದಂತೆ ತೋರಿಸಿದರು. ಇದು ಬರೀ ಗಾಡಿ ಹತ್ತಿ ನೋಡುವುದು, ಇಳಿದರೆ ಮುಗಿಯಿತು ಎಂದರು. ಬೀಗರು ಅಂದಿನಿಂದ ನಮ್ಮ ಮನೆಯವರು ಬರುತ್ತಾರೆಂದರೆ ಆ ಕಂಪ್ಯೂಟರಿಗೆ ಹೊದಿಕೆ ಹೊದಿಸಿ ಮೇಲೆ ಸೀರೆಯ ಗಂಟು ಇಡುತ್ತಾರಂತೆ.

ಅದಕ್ಕಿಂತ ದೊಡ್ಡ ಅನಾಹುತ ನಡೆದದ್ದು ಒಂದೇ ಒಂದು ಶಬ್ದದಿಂದ. ಪರೀಕ್ಷೆಯ ದಿನ. ಪ್ರಶ್ನೆಪತ್ರಿಕೆ ಮನೆಯ ಲ್ಯಾಪ್‌ಟಾಪಿನಲ್ಲೇ ಉಳಿದಿತ್ತು. ಮಾವನವರಿಗೆ ಫೋನು ಮಾಡಿ, ಅದನ್ನು ನನ್ನ ಮೊಬೈಲಿಗೆ ಕಳಿಸಲು ಹೇಳಿದೆ. ಅತ್ತ ಅವರು ಅವತ್ತಷ್ಟೇ ಹೊಸ ತಳಿಯೊಂದನ್ನು ಹತ್ತಿ ನೋಡುತ್ತಿದ್ದರು. ಹಳೆಯದನ್ನೆಲ್ಲ ಒರೆಸಿ ಹೊಸದನ್ನು ಹಾಕಲೆ ಎಂದು ಯಂತ್ರ ಇಂಗ್ಲಿಷಿನಲ್ಲಿ ಕೇಳುತ್ತ ನಿಂತಿತ್ತು. ಇದು ನನಗೇನು ಗೊತ್ತು? ಪರದೆಯ ಮೇಲೆ ಏನು ಕಾಣುತ್ತದೆ ಎಂದೆ.

“ಏನೋ ಕೇಳಾಕತ್ತೈತಿ.”

“ಅದರ ಮ್ಯಾಲೆ ರೈಟ್ ಕ್ಲಿಕ್ ಮಾಡ್ರಿ ಮಾವಾರ.”

ರೈಟ್! ಕಂಡಕ್ಟರನ ಕಿವಿಗೆ ಈ ಶಬ್ದ ಬಿದ್ದರೆ ಅದಕ್ಕೆ ಅರ್ಥ ಒಂದೇ. ಗಾಡಿ ಬಿಡು! ಅವರಿಗೆ ಬಲಗಡೆ ಎಡಗಡೆ ಯಾವುದೂ ನೆನಪಾಗಲಿಲ್ಲ. ಫೋನಿನಲ್ಲೇ ಗಟ್ಟಿಯಾಗಿ “ರೈಟ್” ಎಂದು ಕೂಗಿ, ಇದ್ದ ಗುಂಡಿ ಒತ್ತಿಬಿಟ್ಟರು. ಗಾಡಿ ಹೊರಟಿತು. ನನ್ನ ಪ್ರಶ್ನೆಪತ್ರಿಕೆಗಳು, ಪಾಠದ ಟಿಪ್ಪಣಿಗಳು, ಮಕ್ಕಳ ಅಂಕಗಳು, ಎಲ್ಲವೂ ಹೋದವು. ನಾನು ಹೋಲ್ಡಾನ್ ಎಂದು ಕೂಗಿದ್ದರೆ ನಿಲ್ಲಿಸುತ್ತಿದ್ದರೋ ಏನೋ! ಆಗ ಹೊಳೆಯಲಿಲ್ಲ. ಮುಖ್ಯೋಪಾಧ್ಯಾಯಿನಿಯವರ ಮುಂದೆ ನಿಂತು, ನಮ್ಮ ಮಾವನವರು ರೈಟ್ ಅಂದುಬಿಟ್ಟರು ಮೇಡಂ ಎಂದು ಹೇಳುವಾಗ ನನ್ನ ಧ್ವನಿ ನನಗೇ ಕೇಳಿಸಲಿಲ್ಲ. ನೆನಪಿದ್ದ ಪ್ರಶ್ನೆಗಳನ್ನು ಹಲಗೆಯ ಮೇಲೆ ಬರೆದು ಪರೀಕ್ಷೆ ಮುಗಿಸಿದೆ.

ಸಂಜೆ ಮನೆಗೆ ಬಂದರೆ ಅತ್ತೆಯವರು ಕಂಬಕ್ಕೆ ಆತು ಕುಳಿತಿದ್ದರು. “ನಮ್ಮಕ್ಕನೂ ಹೋದ್ಲೇನವಾ?” ಎಂದರು. ಹೊಸ ಮೊಬೈಲು ಬಂದ ಮೇಲೆ ಹಳೆಯದರಲ್ಲಿದ್ದದ್ದೂ ಉಳಿದಿರಲಿಲ್ಲ. ಮಾವನವರು ನೆಲ ನೋಡುತ್ತ, ಹೆಣ್ಣುಮಕ್ಕಳ ಸೀಟಿಗೆ ಯಾರೂ ಕೈ ಹಚ್ಚಿಲ್ಲ ಎಂದು ಗೊಣಗಿದರು. ಇವರ ಬಸ್ಸಿನ ಮಾತು ಇವತ್ತೂ ನಿಲ್ಲಲಿಲ್ಲವಲ್ಲ ಎಂದು ನನಗೆ ಮೈಯೆಲ್ಲ ಉರಿದು, ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಅಲ್ಲಿಂದ ಮುಂದೆ ಅವರು ತಳಿ ಬದಲಿಸುವುದನ್ನು ಬಿಟ್ಟರು. ಒಂದನ್ನೇ ಹಿಡಿದು ಕುಳಿತರು. ನಾನು ಶಾಲೆಯಲ್ಲಿದ್ದ ಹೊತ್ತಿನಲ್ಲೆಲ್ಲ ಟಕಟಕ ಗುಂಡಿ ಒತ್ತುವ ಸದ್ದು ಎಂದು ಪಕ್ಕದ ಮನೆಯವರು ಹೇಳುತ್ತಿದ್ದರು. ನಾನೂ ಸಿಟ್ಟಿನಲ್ಲಿದ್ದೆ. ಶಾಲೆಯ ಕಂಪ್ಯೂಟರಿನಲ್ಲೇ ಕೆಲಸ ಮಾಡಿಕೊಂಡು, ಮನೆಯದರ ಕಡೆ ತಿರುಗಿಯೂ ನೋಡಲಿಲ್ಲ.

ಹೀಗಿರುವಾಗ ನಮ್ಮ ಶಾಲೆಯಲ್ಲಿ ಜಮಖಂಡಿ, ಮುಧೋಳ, ಬೀಳಗಿ ಕಡೆಯ ಕನ್ನಡ ಶಿಕ್ಷಕರ ಒಂದು ಸಭೆ. ನನ್ನ ಉಪನ್ಯಾಸದ ವಿಷಯ ‘ತಪ್ಪಿಲ್ಲದ ಕನ್ನಡ’. ಶಾಲೆಯ ಕಂಪ್ಯೂಟರು ಅವತ್ತೇ ಕೆಟ್ಟು ಕೂರಬೇಕೆ? ವಿಧಿಯಿಲ್ಲದೆ ಮನೆಯ ಲ್ಯಾಪ್‌ಟಾಪು ತರಿಸಿ, ಮಾವನವರಿಂದ ಪಾಸ್‌ವರ್ಡ್ ಕೇಳಿಕೊಂಡು, ನನ್ನ ಪುಟಗಳಿದ್ದ ಪೆನ್‌ಡ್ರೈವು ಚುಚ್ಚಿ, ಪ್ರೊಜೆಕ್ಟರಿಗೆ ಜೋಡಿಸಿ, ಚಾಲೂ ಮಾಡಿದೆ. ಗೋಡೆಯಗಲದ ಪರದೆಯ ಮೇಲೆ ಕಪ್ಪೆಯಷ್ಟು ದಪ್ಪ ಅಕ್ಷರಗಳು ಮೂಡಿದವು.

“ಹತ್ರಿ ಹತ್ರಿ. ಪಾಸ್ ತೋರ್ಸ್ರಿ.”

ನಾನು ಅವಸರದಲ್ಲಿ ಪಾಸ್‌ವರ್ಡ್ ಒತ್ತಿದೆ. ತಪ್ಪಾಯಿತು. “ಈ ಪಾಸ್ ನಡ್ಯೂದಿಲ್ರಿ” ಎಂದಿತು! ಬೀಳಗಿಯಿಂದ ಬಂದ ಮಾಸ್ತರರೊಬ್ಬರು ಮೊದಲು ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಮತ್ತೊಮ್ಮೆ ಒತ್ತಿ ಪಾಸು ನಡೆದ ಮೇಲೆ “ಡ್ರೈವರ್ ಚಾ ಕುಡ್ಯಾಕ ಹೋಗ್ಯಾನ, ತಡೀರಿ” ಎಂದಿತು. ಒಳಗೆ ಹೋದರೆ ಹುಡುಕುವ ಜಾಗದಲ್ಲಿ “ಯಾವೂರಿಗ್ರಿ?”, ಕಸದ ಬುಟ್ಟಿಗೆ “ಬಿಟ್ಟ ಹೋದ ಸಾಮಾನ”, ಮುಂದಿನ ಪುಟಕ್ಕೆ “ಮುಂದ ಸರೀರಿ”. ಯಂತ್ರ ಏನು ಕೇಳಿದರೂ ಕೆಳಗೆ ಎರಡೇ ಗುಂಡಿ: ಒಂದು “ರೈಟ್”, ಇನ್ನೊಂದು “ಹೋಲ್ಡಾನ್”. ನಮ್ಮ ಮಾವನವರು ಬಾನೆಟ್ ತೆಗೆದು, ಒಳಗಿನ ಇಂಗ್ಲಿಷನ್ನೆಲ್ಲ ಕಿತ್ತು, ಇಡೀ ಗಾಡಿಗೆ ತಮ್ಮ ಕನ್ನಡದ ಬೋರ್ಡು ಬರೆದಿದ್ದರು!

ನಾನು ತಪ್ಪಿಲ್ಲದ ಕನ್ನಡದ ಬಗ್ಗೆ ಮಾತಾಡಿದೆ. ನನ್ನ ಹಿಂದಿನ ಗೋಡೆಯ ತುಂಬ ‘ಹತ್ರಿ, ಸರೀರಿ, ನಡ್ಯೂದಿಲ್ರಿ’. ಯಾರೂ ನನ್ನನ್ನು ನೋಡಲಿಲ್ಲ, ಗೋಡೆಯನ್ನೇ ಓದಿದರು. ಉಪನ್ಯಾಸ ಮುಗಿಸಿ ಯಂತ್ರ ಮುಚ್ಚಲು ಹೋದರೆ “ಇಳಿಯಾವ್ರು ಯಾರರೆ ಅದಾರೇನ್ರಿ?” ಎಂದು ಕೇಳಿತು. ನಾ ಅದೀನ್ರಿ ಎಂದು ಅಳಬೇಕೆನಿಸಿತು ನನಗೆ. ಮುಖ್ಯೋಪಾಧ್ಯಾಯಿನಿಯವರು ಪರದೆಯ ಮೂಲೆಗೆ ಬೆರಳು ತೋರಿಸಿ, ಆ ‘ಹೆಣ್ಣಮಕ್ಕಳ ಸೀಟು’ ಎಂದರೆ ಏನು ಎಂದು ವಿಚಾರಿಸಿದರು. ನೋಡಿದರೆ ಹೌದು, ಅಲ್ಲೊಂದು ಕಡತಕೋಶ, ಅದಕ್ಕೆ ಆ ಹೆಸರು. ನನಗೂ ಗೊತ್ತಿಲ್ಲ ಮೇಡಂ ಎಂದು ಲ್ಯಾಪ್‌ಟಾಪನ್ನು ಚೀಲದೊಳಗೆ ತುರುಕಿ, ಚಹಾ ಕುಡಿಯದೆ ಹೊರಟುಬಂದೆ.

ದಾರಿಯುದ್ದಕ್ಕೂ ಆಡಬೇಕಾದ ಮಾತುಗಳನ್ನು ಸಾಲಾಗಿ ಜೋಡಿಸಿಕೊಂಡೆ. ಹಿರಿಯರೆಂದು ಇಷ್ಟು ದಿನ ಸುಮ್ಮನಿದ್ದೆ, ಇನ್ನು ಆಗದು. ಆಟಕ್ಕೆ ನನ್ನ ಮರ್ಯಾದೆಯೇ ಬೇಕಿತ್ತೆ? ಮನೆಗೆ ಬಂದು ಲ್ಯಾಪ್‌ಟಾಪನ್ನು ಪಡಸಾಲೆಯ ಮೇಜಿನ ಮೇಲೆ ಕುಕ್ಕಿ, ಕಾಲು ತೊಳೆಯಲು ಹಿತ್ತಲಿಗೆ ಹೋದೆ. ತಣ್ಣೀರು ಸುರಿದುಕೊಂಡು ಸಿಟ್ಟನ್ನು ಇನ್ನಷ್ಟು ಹದ ಮಾಡಿಕೊಂಡು ಒಳಗೆ ಬರುವಾಗ ಯಾರೋ ನಕ್ಕದ್ದು ಕೇಳಿಸಿತು.

ರನ್ನ ಬೆಳಗಲಿಯ ದೊಡ್ಡಮ್ಮನ ನಗು. ರೊಟ್ಟಿ ಬಡಿಯುವ ಸದ್ದು, ಅದರ ನಡುವೆ ಆ ನಗು.

ಪಡಸಾಲೆಯಲ್ಲಿ ಅತ್ತೆಯವರು ಒಬ್ಬರೇ ಲ್ಯಾಪ್‌ಟಾಪಿನ ಮುಂದೆ ಕುಳಿತಿದ್ದರು. ಯಾರೂ ತೆಗೆದು ಕೊಟ್ಟಿರಲಿಲ್ಲ. ಮಾವನವರು ಕಲಿಸಿದ್ದ ಪಾಸು ಒತ್ತಿ ಅವರೇ ಹತ್ತಿದ್ದರು, ಹೆಣ್ಣುಮಕ್ಕಳ ಸೀಟನ್ನು ಬೋರ್ಡು ಓದಿ ಅವರೇ ಹುಡುಕಿಕೊಂಡಿದ್ದರು. ಎಲ್ಲವೂ ಅಳಿಸಿಹೋಗುವ ಮೊದಲೇ ಮಾವನವರು ಅದೊಂದನ್ನು ತೆಗೆದು ತಮ್ಮ ಚೀಲದ ಪೆನ್‌ಡ್ರೈವಿನಲ್ಲಿ ಜೋಪಾನ ಮಾಡಿದ್ದರೆಂದು ನನಗೆ ಆಗ ತಿಳಿಯಿತು. ಅವರು ಬಾಗಿಲಲ್ಲಿ, ಬಸ್ಸಿನ ಮೆಟ್ಟಿಲ ಮೇಲೆ ನಿಲ್ಲುವಂತೆ, ಒಂದು ಕೈಯಿಂದ ಚೌಕಟ್ಟು ಹಿಡಿದು ಬೀದಿ ನೋಡುತ್ತ ನಿಂತಿದ್ದರು. ಹೆಂಡತಿಯ ಕಡೆ ತಿರುಗಿ ನೋಡುವ ಧೈರ್ಯ ಅವರಿಗಿರಲಿಲ್ಲ. ನನ್ನ ಹೆಜ್ಜೆ ಗುರುತು ಹಿಡಿದು, ಮುಖ ತಿರುಗಿಸದೆಯೇ ಸಣ್ಣ ದನಿಯಲ್ಲಿ ಹೇಳಿದರು.

“ದಿನಾ ಅವರಕ್ಕನ ಊರ ಮುಂದನ ಗಾಡಿ ಹೋಗ್ತಿತ್ತು ಯವ್ವಾ. ಕರಕೊಂಡ ಹೋಗ್ರಿ ಅಂತಿದ್ಲು. ನಾಳೆ ಅಂತಿದ್ನಿ. ಊರ ಮಂದಿನ್ನೆಲ್ಲಾ ಹತ್ತಿಸ್ಕೊಂಡ ಅಡ್ಡಾಡಿದ್ನಿ, ಇಕಿನ್ನೊಬ್ಬಾಕಿನ್ನ ಬಾಗಲದಾಗ ನಿಂದರ್ಸಿ ಹೋದ್ನಿ.”

ಸಾಲಾಗಿ ಜೋಡಿಸಿಕೊಂಡು ಬಂದ ನನ್ನ ಮಾತುಗಳು ಎಲ್ಲಿ ಹೋದವೋ! ಅವರದು ನಾಳೆ, ನನ್ನದು ತಡೀರಿ. ಅತ್ತೆಯವರು ಇಬ್ಬರ ಬಾಗಿಲಲ್ಲೂ ನಿಂತವರೇ. ಅಷ್ಟು ದಿನ ಜನರ ಮುಂದೆ ನಾಚಿಕೊಂಡಿದ್ದೆ. ಆಗ ಮನೆಯಲ್ಲಿ, ಯಾರೂ ನೋಡದಿರುವಾಗ, ನಿಜವಾಗಿ ನಾಚಿಕೆಯಾಯಿತು. ಒದ್ದೆ ಕಾಲಿನಲ್ಲಿ ಅಲ್ಲೇ ನಿಂತುಬಿಟ್ಟೆ.

ವಿಡಿಯೊ ಮುಗಿಯಿತು. ಪರದೆಯ ಮೇಲೆ ಮಾವನವರ ಅಕ್ಷರಗಳು ಮೂಡಿದವು. ಅತ್ತೆಯವರು ಅದನ್ನು ಬಸ್ಸಿನ ಬೋರ್ಡಿನಂತೆ ಕೂಡಿಸಿ ಕೂಡಿಸಿ ಓದಿದರು: “ಮತ್ತೊಮ್ಮೆ ಹೋಗೂಣೇನ್ರಿ?”

ನಾನು ಸಹಾಯ ಮಾಡಲೆಂದು ಮುಂದೆ ಹೋದೆ. ಅವರು ನನ್ನ ಕಡೆ ನೋಡಲಿಲ್ಲ. ಬೆರಳನ್ನು ಸೀರೆಗೆ ಒರೆಸಿಕೊಂಡರು. ಬಾಗಿಲಲ್ಲಿ ನಿಂತವರಿಗೆ ಕೇಳಿಸಲೆಂದೋ ಏನೋ, ಸ್ವಲ್ಪ ಗಟ್ಟಿಯಾಗಿಯೇ “ರೈಟ್” ಎಂದು ಗುಂಡಿ ಒತ್ತಿದರು.