ಹೊಸತೊಡಕಿನ ರಾಗಿ ಬಿಯರು

ಕೆಲವರ ಮನೇಲಿ ಹಬ್ಬ ಬಂದರೆ ಜಗಳ ಬರುತ್ತೆ, ನಮ್ಮನೇಲಿ ಬಕೆಟ್ ಬರುತ್ತೆ. ನಮ್ಮ ಯಜಮಾನ್ರು ಇಲ್ಲಿ ಅಮೆರಿಕದ ಎಲ್ ಸೆಗುಂಡೋದಲ್ಲಿ ಸ್ಯಾಟಲೈಟ್ ಇಂಜಿನಿಯರು. ಲಾಕ್‌ಡೌನಿನಲ್ಲಿ ಮನೇಲೇ ಬಕೆಟ್ಟಿನಲ್ಲಿ ಬಿಯರ್ ಮಾಡೋ ಹುಚ್ಚು ಹಿಡೀತು. ಕೊರೋನಾ ಹೋದರೂ ಅದು ಹೋಗಲಿಲ್ಲ. ಯುಗಾದಿಯ ಮಾರನೇ ದಿನ ಹೊಸತೊಡಕು, ಅಂದರೆ ನಮ್ಮಲ್ಲಿ ಬಾಡೂಟ. ಆ ಊಟಕ್ಕೆ ಇವರ ಬಿಯರ್ ಇರಲೇಬೇಕು. ಹೋದ ವರ್ಷ ಸ್ಯಾನ್ ಡಿಯಾಗೋದಿಂದ ಬಂದ ಇವರ ಹುಬ್ಬಳ್ಳಿ ಗೆಳೆಯ ಒಂದು ಗುಟುಕು ಕುಡಿದು, "ಚಲೋ ಐತಿ, ಗುಲಾಬಿ ಗಿಡಕ್ಕ ಹಾಕು" ಅಂದುಬಿಟ್ಟ. ಪಾಪ, ಇವರಿಗೆ ತುಂಬಾ ಬೇಜಾರಾಯ್ತು. "ಈ ಸಲ ಅವನು ಎರಡನೇ ಗ್ಲಾಸ್ ಕೇಳದಿದ್ರೆ ಬಕೆಟ್ ಮಾರಿಬಿಡ್ತೀನಿ" ಅಂತ ಶಪಥ ಮಾಡಿದರು. ನಾನು ಅವತ್ತೇ ಮಾರಾಟದ ಜಾಹೀರಾತಿಗೆ ಅಂತ ಬಕೆಟ್ಟಿನ ಫೋಟೋ ತೆಗೆದಿಟ್ಟುಕೊಂಡೆ.

ಆರ್ಟೀಸಿಯಾದ ಮಗು

ಈ ಸಲ ರಾಗಿ ಬಿಯರ್ ಅಂತ ತೀರ್ಮಾನವಾಯ್ತು. ಆರ್ಟೀಸಿಯಾದ ಇಂಡಿಯನ್ ಅಂಗಡೀಲಿ ಇವರು ರಾಗಿ ಚೀಲ ಹೊತ್ತು ನಿಂತಿದ್ದಾಗ, ಹಿಂದಿದ್ದ ಕನ್ನಡ ಕೂಟದ ಆಂಟಿಯೊಬ್ಬರು, "ಮೊಳಕೆ ಕಟ್ಟೋಕಾ? ಮಗೂಗೆ ರಾಗಿ ಸರಿನಾ?" ಅಂತ ಕೇಳಿದರು. ಬಿಯರಿಗೆ ಅನ್ನೋಕೆ ಇವರಿಗೆ ನಾಚಿಕೆ. ಹೂಂ ಅಂದರು.

"ಎಷ್ಟು ತಿಂಗಳು?"

"ಆರು."

ಸಂಜೆಯೊಳಗೆ ವಾಟ್ಸಾಪಿನಲ್ಲಿ ನನಗೆ ಅಭಿನಂದನೆಯೋ ಅಭಿನಂದನೆ. ಕಾಲೇಜಿನಲ್ಲಿರೋ ಮಗಳು ಫೋನ್ ಮಾಡಿ, "ಮಾಮ್, ಈಸ್ ದೇರ್ ಸಮ್‌ಥಿಂಗ್ ಯು ವಾಂಟ್ ಟು ಟೆಲ್ ಮಿ?" ಅಂದಳು.

ಗಂಜಿ

ಅತ್ತೆ ಮಂಡ್ಯದಿಂದ ಬಂದಿದ್ದರು. ರಾಗಿ ಮೊಳಕೆ ಕಟ್ಟಿಕೊಟ್ಟವರೂ ಅವರೇ. ಬಕೆಟ್ ನೋಡಿ, "ಏನ್ಲಾ ಮಗಾ ಇದು?" ಅಂದರು.

"ರಾಗಿ ಗಂಜಿ ಅಮ್ಮ, ಹೊಟ್ಟೆಗೆ ತಂಪು."

ಅತ್ತೆ ತಲೆಯಾಡಿಸಿದರು. "ನಿಮ್ಮಪ್ಪನೂ ಹೊಸತೊಡಕಿಗೆ ಗಂಜಿ ಕುಡಿಯೋಕೇ ಹೋಗ್ತಿದ್ರು. ಎತ್ತಿನ ಗಾಡೀಲಿ ಮಲಗಿಸ್ಕೊಂಡು ತರ್ತಿದ್ವಿ."

ಏಳದ ಯೀಸ್ಟು

ಯೀಸ್ಟನ್ನ ಮೊದಲು ಜಾಡೀಲಿ ಎಬ್ಬಿಸಿ, ನೊರೆ ಬಂದ ಮೇಲೆ ಬಕೆಟ್ಟಿಗೆ ಸುರೀಬೇಕಂತೆ. ನಮ್ಮನೇಲಿ ಬೆಚ್ಚಗಿರೋ ಜಾಗ ಒಂದೇ, ಲೈಟ್ ಹಾಕಿಟ್ಟ ಓವನ್. ಅಲ್ಲಿ ಅತ್ತೆಯ ದೋಸೆ ಹಿಟ್ಟಿನ ಪಕ್ಕ ಜಾಡಿ ಇಟ್ಟರು. ಬೆಳಿಗ್ಗೆ ನೋಡಿದರೆ ಹಿಟ್ಟು ಉಕ್ಕಿ ಬಂದಿತ್ತು, ಜಾಡಿ ತೆಪ್ಪಗೆ ಕೂತಿತ್ತು. "ಏಳ್ತಾನೇ ಇಲ್ಲ ಕಣೇ" ಅಂತ ಇವರು ಸಪ್ಪೆ ಮುಖ ಹಾಕಿಕೊಂಡು ಆಫೀಸಿಗೆ ಹೋದರು. ಸಂಜೆ ಬಂದರೆ ಜಾಡಿ ತುಂಬ ನೊರೆ. "ಟೆಂಪರೇಚರ್ ಕಂಟ್ರೋಲ್ ಅಂದ್ರೆ ಇದು" ಅಂತ ನನಗೆ ಪಾಠ ಬೇರೆ. ಅತ್ತೆ ಸುಮ್ಮನೆ ಬೆಳ್ಳುಳ್ಳಿ ಬಿಡಿಸ್ತಿದ್ದರು.

ಎರಡನೇ ಗ್ಲಾಸು

ಹೊಸತೊಡಕು ಬಂತು. ಮುದ್ದೆ, ಮಟನ್ ಸಾರು, ಚಾಪ್ಸ್. ಗೆಳೆಯ ಗ್ಲಾಸ್ ಎತ್ತಿ ಮೊದಲು ಮೂಸಿದ, ಆಮೇಲೆ ಒಂದು ಗುಟುಕು ಕುಡಿದ. ಇವರು ಮುದ್ದೆ ಮುರಿಯೋದನ್ನೂ ಮರೆತು ಅವನ ಮುಖಾನೇ ನೋಡ್ತಿದ್ದರು. ಸುಳ್ಳು ಯಾಕೆ ಹೇಳಲಿ, ನಾನೂ ಚಾಪ್ಸ್ ಬಿಟ್ಟು ಅವನ ಗ್ಲಾಸನ್ನೇ ನೋಡ್ತಿದ್ದೆ.

"ಹದವಾಗಿ ಹುಳಿ ಐತಲ್ಲೋ" ಅಂದ ಗೆಳೆಯ. "ಮಟನ್ ಸಾರಿಗೆ ಭಾಳ ಚಲೋ ಹೊಂದತೈತಿ. ನಮ್ಮ ಸ್ಯಾನ್ ಡಿಯಾಗೋದಾಗ ಇಂಥಾ ಹುಳಿ ಬಿಯರಿಗೆ ಮಂದಿ ಕ್ಯೂ ನಿಲ್ತಾರ. ಇನ್ನೊಂದು ಗ್ಲಾಸ್ ಹಾಕು."

ಇವರ ಕಣ್ಣಲ್ಲಿ ನೀರೇ ಬಂತು. ಹುಳಿ ಎಲ್ಲಿಂದ ಬಂತು ಅಂತ ಗೊತ್ತಿಲ್ಲದಿದ್ದರೂ ಟೆಂಪರೇಚರ್ ಪಾಠ ಮತ್ತೆ ಶುರು ಮಾಡಿದರು. ಸಾರು ಬಡಿಸ್ತಿದ್ದ ಅತ್ತೆ ನಡುವೆ ಬಾಯಿ ಹಾಕಿದರು.

"ಅದೇನ್ ಮಹಾ. ಏಳ್ತಿಲ್ಲ ಅಂತ ಒದ್ದಾಡ್ತಿದ್ದ. ಏಳದೇ ಇದ್ರೆ ಹಳೇ ದೋಸೆ ಹಿಟ್ಟು ಒಂದು ಸೌಟು ಹಾಕಿದ್ರಾಯ್ತು. ಹಾಕಿದೆ."

ಇವರು ಪಾಠ ನಿಲ್ಲಿಸಿ ಮುದ್ದೆ ಮುರಿಯೋಕೆ ಶುರು ಮಾಡಿದರು. ಗೆಳೆಯ ಮಾತ್ರ ಎರಡನೇ ಗ್ಲಾಸನ್ನೂ ಖಾಲಿ ಮಾಡಿದ. ಹೊರಡುವಾಗ ಇವರು ಪ್ರೀತಿಯಿಂದ ಬಾಟ್ಲಿ ತುಂಬಿಸಿಕೊಟ್ಟರೆ, ಅವನು ಅದನ್ನ ಟೇಬಲ್ ಮೇಲಿಟ್ಟು ಸೀದಾ ಅಡುಗೆಮನೆಗೆ ಹೋದ.

"ಅಮ್ಮಾ, ಬಾಟ್ಲಿ ಇರ್ಲಿ. ಒಂದು ಡಬ್ಬಿ ದೋಸೆ ಹಿಟ್ಟು ಕೊಡ್ರಿ."